ಒಂದು ಗೇಣು ಕಮ್ಮಿ ಬಿದ್ದ ಬೆಲ್ಟು

ಪುಟ್ಟಿಗೆ ಐದು ತಿಂಗಳು ತುಂಬಿದ ವಾರ ಬಾಣಂತನ ಮುಗಿಸಿ ಸುಳ್ಯದ ತವರಿನಿಂದ ಮೈಸೂರಿಗೆ ಹೊರಟೆವು. ಕಾರು ನಮ್ಮದೇ, 2014ರ ಸಣ್ಣ ಹ್ಯಾಚ್‌ಬ್ಯಾಕ್. ಇವರು ಓಡಿಸುತ್ತಿದ್ದರು, ಪಕ್ಕದಲ್ಲಿ ಮಾವ. ಹಿಂದೆ ನಾನು, ಅತ್ತೆ, ನನ್ನ ಮಡಿಲಲ್ಲಿ ಪುಟ್ಟಿ. ಸಂಪಾಜೆ ಘಾಟಿ ಹತ್ತುವಾಗ ಮಗುವನ್ನು ಅವುಚಿಕೊಂಡೇ ಕೂತಿದ್ದೆ. ಮಡಿಕೇರಿ ಇಳಿದು, ಕುಶಾಲನಗರದಲ್ಲಿ ಕಾಫಿ ಕುಡಿದ ಮೇಲೆ ತಿರುವೆಲ್ಲ ಮುಗೀತು, ಇನ್ನು ನೇರ ರಸ್ತೆ ಅಂತ ಕೈ ಸಡಿಲವಾಗಿತ್ತು. ಕಣ್ಣೂ ಎಳೆಯುತ್ತಿತ್ತು.

ಪಿರಿಯಾಪಟ್ಟಣ ದಾಟಿ ಸ್ವಲ್ಪ ದೂರದಲ್ಲಿ ಬಣ್ಣ ಬಳಿಯದ ಒಂದು ಹಂಪು. ಇವರಿಗೆ ಅದು ಕಂಡದ್ದು ಕೊನೇ ಗಳಿಗೆಯಲ್ಲಿ. ಬ್ರೇಕ್ ಒತ್ತಿದರು. ನಾನು ಮುಂದಕ್ಕೆ ಹೋದೆ, ಪುಟ್ಟಿ ನನಗಿಂತ ಮುಂದಕ್ಕೆ ಹೋದಳು. ಕೈಯಿಂದ ಜಾರಿ ಮುಂದಿನ ಸೀಟಿನ ಬೆನ್ನಿಗೆ ಹಣೆ ತಾಗಿತು. ಮೆತ್ತಗಿನ ಜಾಗ, ಪುಣ್ಯ. ಎರಡು ನಿಮಿಷ ಅತ್ತಳು, ಹಾಲು ಕುಡಿದಳು, ಮಲಗಿದಳು. ಹಣೆ ಮೇಲೆ ಗುರುತೂ ಉಳಿಯಲಿಲ್ಲ. ನನ್ನ ಕೈ ಮಾತ್ರ ಹುಣಸೂರು ಬರುವವರೆಗೂ ನಡುಗುತ್ತಿತ್ತು.

ರಾತ್ರಿ ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವವನು. ಸಮಾಧಾನ ಮಾಡುತ್ತಾನೆ ಅಂದುಕೊಂಡರೆ ಲೆಕ್ಕ ಶುರು ಮಾಡಿದ. "ಅಕ್ಕ, ಗಂಟೆಗೆ 50 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರ್. ಕಾರು ಏನಕ್ಕೋ ಗುದ್ದಿ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದಲ್ಲಿ ನಿಂತಿತು ಅಂತ ಇಟ್ಕೋ. ಏಳು ಕೆಜಿ ಮಗುವನ್ನ ತಡೆದು ಹಿಡಿಯೋಕೆ 200 ಕೆಜಿ ಎತ್ತುವಷ್ಟು ಬಲ ಬೇಕು. ಅಂದ್ರೆ 50 ಕೆಜಿ ಅಕ್ಕಿ ಮೂಟೆ, ನಾಲ್ಕು. ಎತ್ತುತ್ತೀಯಾ?"

"ಎತ್ತಲ್ಲ, ಫೋನಿಡು" ಅಂದೆ. ಆದರೆ ಆ ನಾಲ್ಕು ಮೂಟೆ ತಲೆಯಿಂದ ಇಳಿಯಲಿಲ್ಲ.

ಮಗುವಿಗೆ ಕಾರ್ ಸೀಟು ತರೋಣ ಅಂತ ಬೆಳಿಗ್ಗೆ ಹೇಳಿದಾಗ ಅತ್ತೆ ನನ್ನನ್ನು ನೋಡಿದ ರೀತಿ ಮರೆಯುವ ಹಾಗಿಲ್ಲ. "ಮೂರು ಮಕ್ಕಳನ್ನ ಮಡಿಲಲ್ಲೇ ಇಟ್ಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೀನಮ್ಮ. ಹಸುಗೂಸನ್ನ ಕಟ್ಟಿಹಾಕೋದಾ?" ನಾಲ್ಕು ಮೂಟೆಯ ಲೆಕ್ಕ ಹೇಳಿದೆ. "ಅದೆಲ್ಲ ಪುಸ್ತಕದ್ದು" ಅಂದರು. ಇವರು ಕಾನೂನು ತೆಗೆದರು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 194ಬಿ ಕಲಮು ಬಂದಿದೆ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದೆ ಕಾರು ಓಡಿಸಿದರೆ 1000 ರೂಪಾಯಿ ದಂಡ. ಅತ್ತೆ ಅದಕ್ಕೂ ಬಗ್ಗಲಿಲ್ಲ. "ಯಾವ ಪೊಲೀಸು ಕೇಳಿದಾನೆ?" ಅದು ನಿಜವೇ. ನಮ್ಮನ್ನು ಇದುವರೆಗೂ ಒಬ್ಬರೂ ಕೇಳಿಲ್ಲ.

ಮೊದಲ ತಪ್ಪು ನನ್ನದೇ. ಮೂರು ರಾತ್ರಿ ಫೋನು ನೋಡಿ ನೋಡಿ ಒಂದು ಪದ ಕಲಿತಿದ್ದೆ: ಐಸೋಫಿಕ್ಸ್. ಕಾರಿನ ಹಿಂದಿನ ಸೀಟಿನಲ್ಲಿ ಕೂರುವ ಭಾಗವೂ ಒರಗುವ ಭಾಗವೂ ಸೇರುವ ಸಂದಿಯೊಳಗೆ ಎರಡು ಕಬ್ಬಿಣದ ಸರಳು ಇರುತ್ತವೆ. ಅವುಗಳ ನಡುವೆ 28 ಸೆಂಟಿಮೀಟರ್ ಅಂತರ. ಮಕ್ಕಳ ಸೀಟಿನಿಂದ ಚಾಚಿದ ಎರಡು ಕೊಂಡಿಗಳನ್ನು ಅವಕ್ಕೆ ಸಿಕ್ಕಿಸಿದರೆ ಟಕ್ ಅಂತ ಕೂರುತ್ತದೆ. ಬೆಲ್ಟ್ ಎಳೆದಾಡುವ ಕೆಲಸವಿಲ್ಲ, ತಪ್ಪಾಗುವ ಸಂಭವ ಕಮ್ಮಿ. ಎಲ್ಲರೂ ಅದನ್ನೇ ಹೊಗಳುತ್ತಿದ್ದರು. ಚೆಂದದ ನೀಲಿ ಬಣ್ಣದ್ದೊಂದು ಆರ್ಡರ್ ಮಾಡಿಬಿಟ್ಟೆ.

ಡಬ್ಬ ಬಂತು. ಫ್ರಿಜ್ಜಿನ ಡಬ್ಬದಷ್ಟು ದೊಡ್ಡದು. ಇವರು ಸೀಟನ್ನು ಹೊತ್ತುಕೊಂಡು ಕೆಳಗೆ ಹೋದರು. ನಾನು ಹಿಂದಿನ ಸೀಟಿನ ಸಂದಿಯೊಳಗೆ ಕೈ ತೂರಿಸಿ ಸರಳು ಹುಡುಕಿದೆ. ಎಡಗಡೆ ಹುಡುಕಿದೆ, ಬಲಗಡೆ ಹುಡುಕಿದೆ. ಒಂದು ಐದು ರೂಪಾಯಿ ನಾಣ್ಯ ಸಿಕ್ಕಿತು. ನನ್ನದೇ ಒಂದು ಹೇರ್‌ಪಿನ್ನು. ಕಡಲೆಕಾಯಿ ಸಿಪ್ಪೆ ಒಂದು ಹಿಡಿ. ಚಾಮುಂಡಿ ಬೆಟ್ಟದ ಪಾರ್ಕಿಂಗ್ ಚೀಟಿ. ಕಬ್ಬಿಣದ ಸರಳು ಮಾತ್ರ ಇಲ್ಲ. ನಮ್ಮ ಮಾಡೆಲ್ಲಿಗೆ ಅದನ್ನು ಕೊಟ್ಟೇ ಇರಲಿಲ್ಲ. ಹತ್ತು ವರ್ಷ ಓಡಿಸಿದ ಕಾರಿನಲ್ಲಿ ಏನಿದೆ ಏನಿಲ್ಲ ಅಂತ ನಮಗೇ ಗೊತ್ತಿರಲಿಲ್ಲ. ನೀಲಿ ಸೀಟು ವಾಪಸ್ ಹೋಯಿತು. ಅತ್ತೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆ ಐದು ರೂಪಾಯಿಯನ್ನು ತೆಗೆದು ದೇವರ ಹುಂಡಿಗೆ ಹಾಕಿದರು, ಅಷ್ಟೇ.

ಆಗ ಕಾರಿನ ಮ್ಯಾನುಯಲ್ ನೆನಪಾಯಿತು. ಗ್ಲೋವ್ ಬಾಕ್ಸಿನ ತಳದಲ್ಲಿ ಇನ್ಶೂರೆನ್ಸ್ ಕಾಗದಗಳ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಅದರಲ್ಲಿ ಮಕ್ಕಳ ಸೀಟಿನ ಬಗ್ಗೆಯೇ ನಾಲ್ಕು ಪುಟ! ಒಂದು ಕೋಷ್ಟಕ. ಅಡ್ಡಕ್ಕೆ ಕಾರಿನ ಸೀಟುಗಳು, ಉದ್ದಕ್ಕೆ ಮಗುವಿನ ತೂಕದ ಗುಂಪುಗಳು, ಪ್ರತಿ ಚೌಕದಲ್ಲೂ ಒಂದೊಂದು ಇಂಗ್ಲಿಷ್ ಅಕ್ಷರ. 'ಯು' ಅಂದರೆ ಯೂನಿವರ್ಸಲ್ ಅಂತ ಮಂಜೂರಾದ ಯಾವ ಸೀಟನ್ನಾದರೂ ಅಲ್ಲಿ ಬೆಲ್ಟಿನಿಂದ ಕಟ್ಟಬಹುದು. 'ಎಕ್ಸ್' ಅಂದರೆ ಅಲ್ಲಿ ಬೇಡ. ನಮ್ಮದರಲ್ಲಿ ಮುಂದಿನ ಸೀಟಿಗೆ ಎಕ್ಸ್. ಹಿಂದೆ ನಡುವಿನ ಜಾಗಕ್ಕೂ ಎಕ್ಸ್, ಯಾಕಂದರೆ ಅಲ್ಲಿ ಬರೀ ಸೊಂಟದ ಬೆಲ್ಟು. ಹಿಂದಿನ ಎಡಕ್ಕೂ ಬಲಕ್ಕೂ ಯು. ಸೀಟು ಹುಡುಕುವ ಮೊದಲು ನೋಡಬೇಕಾದ ಪುಟವನ್ನು ಸೀಟು ವಾಪಸ್ ಕಳಿಸಿದ ಮೇಲೆ ನೋಡಿದೆ.

ಮುಂದಿನ ಸೀಟು ಯಾಕೆ ಬೇಡ ಅನ್ನುವುದಕ್ಕೆ ಇವರ ಜೊತೆ ಒಂದು ಸಣ್ಣ ಜಗಳವೂ ಆಯಿತು. "ಮುಂದಿದ್ರೆ ಕಣ್ಣೆದುರಿಗೇ ಇರ್ತಾಳಲ್ವಾ?" ಅಂದರು. ಬಿಸಿಲು ತಡೆಯುವ ಹಲಗೆ ಇಳಿಸಿ ತೋರಿಸಿದೆ. ಅಲ್ಲಿ ಒಂದು ಸ್ಟಿಕ್ಕರ್ ಇದೆ, ಹಿಂದಕ್ಕೆ ಮುಖ ಮಾಡಿದ ಮಗುವಿನ ಸೀಟು, ಅದರ ಮೇಲೆ ಕೆಂಪು ಗೀಟು. ಆ ಕಡೆ ಏರ್‌ಬ್ಯಾಗ್ ಇದೆ, ಅದನ್ನು ಆರಿಸುವ ಸ್ವಿಚ್ಚು ನಮ್ಮ ಕಾರಿನಲ್ಲಿಲ್ಲ. ಹಿಮ್ಮುಖವಾಗಿ ಇಟ್ಟ ಸೀಟಿನ ಬೆನ್ನು ಡ್ಯಾಶ್‌ಬೋರ್ಡಿಗೆ ಅಂಟಿಕೊಂಡೇ ಇರುತ್ತದೆ. ಏರ್‌ಬ್ಯಾಗ್ ಸಿಡಿದರೆ ಅದರ ಪೆಟ್ಟೆಲ್ಲ ನೇರ ಮಗುವಿನ ತಲೆ ಹಿಂದಕ್ಕೆ. ಹತ್ತು ವರ್ಷದಿಂದ ಆ ಸ್ಟಿಕ್ಕರಿನ ಹಿಂದೆ ಇವರು ಪೆಟ್ರೋಲ್ ಬಿಲ್ಲು ಸಿಕ್ಕಿಸುತ್ತಿದ್ದರು.

ಇನ್ನು ಪುಕ್ಕಟೆ ಸೀಟುಗಳು. ಮಗು ಹುಟ್ಟಿದ ಮನೆಗೆ ಹಳೇ ತೊಟ್ಟಿಲು, ಹಳೇ ವಾಕರ್ ಬರುವ ಹಾಗೆ ಇವೂ ಬರುತ್ತವೆ. ಡಲ್ಲಾಸಿನಲ್ಲಿರುವ ದೊಡ್ಡಮ್ಮನ ಮಗಳು ರಜೆಗೆ ಬರುವವಳಿದ್ದಳು. "ನಮ್ ಕಡೆ ಸೀಟಿಲ್ದೆ ಬಂದ್ರೆ ಆಸ್ಪತ್ರೆಯೋರು ಮಗುನ ಮನೆಗೆ ಕಳಿಸೋಕೇ ಒಪ್ಪಲ್ಲ ಕಣೇ. ನನ್ ಮಗಂದು ಸುಮ್ನೆ ಗ್ಯಾರೇಜಲ್ಲಿದೆ, ತರ್ಲಾ?" ಅಂದಳು. ತಳ ತಿರುಗಿಸಿ ನೋಡು ಅಂದೆ. ಅಮೆರಿಕದ ಸೀಟುಗಳಿಗೆ ಎಕ್ಸ್‌ಪೈರಿ ಡೇಟ್ ಇರುತ್ತದೆ, ಪ್ಲಾಸ್ಟಿಕ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ಅವಳದ್ದು ಮುಗಿದು ವರ್ಷವಾಗಿತ್ತು. ಪ್ಲಾಸ್ಟಿಕ್ಕು ಬಿಸಿಲಿಗೂ ಚಳಿಗೂ ಹಳತಾಗುತ್ತದೆ, ಅದು ಮೇಲೆ ಕಾಣುವುದಿಲ್ಲ. ಆಫೀಸಿನ ಗೆಳತಿಯೊಬ್ಬಳು ತನ್ನದನ್ನು ಮನೆಗೇ ತಂದುಕೊಟ್ಟಳು. ಹೊಸದರ ಹಾಗೇ ಇತ್ತು. ಕಾಫಿ ಕುಡಿಯುತ್ತಾ ಮಾತಿಗೆ ಅಂದಳು: "ಒಂದ್ಸಲ ಹಿಂದಿನಿಂದ ಆಟೋದವನು ಗುದ್ದಿದ್ದ, ಸೀಟಿಗೆ ಏನೂ ಆಗಿಲ್ಲ ನೋಡು." ಒಮ್ಮೆ ಗುದ್ದಿದ ಕಾರಿನಲ್ಲಿದ್ದ ಸೀಟನ್ನು ಮತ್ತೆ ಬಳಸಬಾರದು ಅಂತ ಆಗಲೇ ಓದಿದ್ದೆ. ಅವಳ ಮುಖ ನೋಡಿ ಬೇಡ ಅನ್ನಲು ನಾಲಿಗೆ ಏಳಲಿಲ್ಲ. ತೆಗೆದುಕೊಂಡೆ. ಒಂದು ವಾರ ಮಂಚದ ಕೆಳಗಿಟ್ಟು, ನಮ್ಮ ಕಾರಿಗೆ ಕೂರಲಿಲ್ಲ ಕಣೇ ಅಂತ ವಾಪಸ್ ಕೊಟ್ಟೆ. ಸುಳ್ಳು ಹೇಳಿದೆ, ಒಪ್ಪುತ್ತೇನೆ.

ಅಷ್ಟು ಹೊತ್ತಿಗೆ ಒಂದು ವಿಷಯ ತಲೆಗೆ ಹೋಗಿತ್ತು. ಯಾವ ಸೀಟು ಒಳ್ಳೇದು ಅಂತ ಕೇಳುತ್ತಿದ್ದೆನಲ್ಲ, ಆ ಪ್ರಶ್ನೆಯೇ ಸರಿ ಇರಲಿಲ್ಲ. ನಮ್ಮ ಕಾರಿಗೆ ಯಾವುದು ಕೂರುತ್ತದೆ ಅಂತ ಕೇಳಬೇಕಿತ್ತು. ಬೆಲೆ ಎಷ್ಟೇ ಇರಲಿ, ಕಾರಿನೊಳಗೆ ಅಲ್ಲಾಡುವ ಸೀಟು ಸುಮ್ನೆ ಒಂದು ಕುರ್ಚಿ.

ಹಾಗಾಗಿ ಅಳತೆಗೆ ಇಳಿದೆ. ಅತ್ತೆ ಬ್ಲೌಸ್ ಹೊಲಿಯುತ್ತಾರೆ, ಅವರ ಟೇಪು ಕೇಳಿದೆ. "ಕಾರಿಗೂ ಬ್ಲೌಸಾ?" ಅಂದರು. ಆದರೆ ಟೇಪು ಬೇರೆಯವರ ಕೈಗೆ ಕೊಡುವ ಜಾಯಮಾನ ಅವರದ್ದಲ್ಲ. ತಾವೇ ಕೆಳಗೆ ಬಂದರು. ಹಿಂದಿನ ಸೀಟಿನ ಒರಗಿನಿಂದ ಮುಂದಿನ ಸೀಟಿನ ಬೆನ್ನಿನವರೆಗೆ ಎಷ್ಟು, ಬಾಗಿಲ ಅಗಲ ಎಷ್ಟು, ಬೆಲ್ಟನ್ನು ಪೂರ್ತಿ ಎಳೆದರೆ ಎಷ್ಟು ಬರುತ್ತದೆ, ಎಲ್ಲ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡೆ. ಬಕಲ್ ಅಳೆಯಲು ಹೋದರೆ ಬಕಲ್ಲೇ ಇಲ್ಲ! ಕಾರು ಕೊಂಡ ವಾರವೇ ಹಾಕಿಸಿದ್ದ ರೆಕ್ಸಿನ್ ಸೀಟ್ ಕವರು ಅದನ್ನು ನುಂಗಿತ್ತು. ಹಿಂದೆ ಕೂತವರು ಬೆಲ್ಟ್ ಹಾಕುವ ಪದ್ಧತಿ ನಮ್ಮ ಮನೆಯಲ್ಲಿ ಇದ್ದಿದ್ದರೆ ತಾನೆ ಗೊತ್ತಾಗುವುದು. ಅತ್ತೆ ಕತ್ತರಿ ತಂದರು. ಹೊಲಿಗೆ ಬಿಚ್ಚಿ, ಕೈ ಒಳಗೆ ಹಾಕಿ ಒಂದೊಂದಾಗಿ ಹೊರಗೆಳೆದೆವು. ಎರಡು ಬಕಲ್‌ಗಳ ಮೇಲೆ ಕಂಪನಿಯ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು. ಕೊನೆಗೆ ಹಿಂದಿನ ಕವರನ್ನು ಪೂರ್ತಿ ಕಿತ್ತೇ ಹಾಕಿದೆವು. ರೆಕ್ಸಿನ್ ಜಾರುತ್ತದೆ, ಅದರ ಮೇಲೆ ಮಕ್ಕಳ ಸೀಟು ಬಿಗಿಯಾಗಿ ನಿಲ್ಲುವುದಿಲ್ಲ.

ಮುಂದಿನ ಶನಿವಾರ ಮಕ್ಕಳ ಸಾಮಾನಿನ ಅಂಗಡಿಗೆ ಹೋದೆವು. ಮೊದಲ ಅಂಗಡಿಯಲ್ಲಿ ಸೀಟನ್ನು ಹೊರಗೆ ಒಯ್ದು ಕಾರಿಗೆ ಹಾಕಿ ನೋಡಬಹುದಾ ಅಂದರೆ ಬಿಲ್ ಆದ ಮೇಲೆ ಅಂದರು. ಬಿಲ್ ಆದ ಮೇಲೆ ನೋಡಿ ಏನು ಮಾಡುವುದು? ಎರಡನೇ ಅಂಗಡಿಯ ಹುಡುಗ ಒಳ್ಳೆಯವನು. "ಬನ್ನಿ ಮೇಡಂ, ನಂಗೂ ಗೊತ್ತಾಗುತ್ತೆ" ಅಂತ ತಾನೇ ಹೊತ್ತುಕೊಂಡು ಬಂದ. ಅವನಿಗೆ ಬಟ್ಟೆ, ಬಣ್ಣ, ಕಪ್ ಹೋಲ್ಡರು ಗೊತ್ತಿತ್ತು, ಲೇಬಲ್ಲು ಗೊತ್ತಿರಲಿಲ್ಲ. ನನಗೆ ಲೇಬಲ್ಲು ಮಾತ್ರ ಗೊತ್ತಿತ್ತು. ಇಬ್ಬರಿಗೂ ಸರಿಹೋಯಿತು.

ಲೇಬಲ್ಲಿನ ಕಥೆ ಇಷ್ಟು. ಸೀಟಿನ ಹಿಂದೆಯೋ ತಳದಲ್ಲೋ ಕಿತ್ತಳೆ ಬಣ್ಣದ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರ, ಪಕ್ಕದಲ್ಲಿ ಒಂದು ಅಂಕಿ. ಮಂಜೂರು ಮಾಡಿದ ದೇಶ ಯಾವುದು ಅಂತ ಆ ಅಂಕಿ ಹೇಳುತ್ತದೆ. 1 ಇದ್ದರೆ ಜರ್ಮನಿ, 4 ಇದ್ದರೆ ನೆದರ್ಲೆಂಡ್ಸ್. ಆರ್44/04 ಅಂತಿದ್ದರೆ ಹಳೇ ಯುರೋಪಿನ ನಿಯಮ, ಮಗುವಿನ ತೂಕದ ಲೆಕ್ಕ. 13 ಕೆಜಿವರೆಗೆ 0+, 9ರಿಂದ 18 ಕೆಜಿ ಗುಂಪು 1, ಹೀಗೆ 36 ಕೆಜಿವರೆಗೂ ಹೋಗುತ್ತದೆ. ಆರ್129 ಅಂತಿದ್ದರೆ ಹೊಸ ನಿಯಮ, ಅದು ಎತ್ತರದ ಲೆಕ್ಕ. ಹೊಸ ನಿಯಮದಲ್ಲಿ ಪಕ್ಕದಿಂದ ಗುದ್ದಿದರೆ ಏನಾಗುತ್ತದೆ ಅಂತಲೂ ಪರೀಕ್ಷೆ ಮಾಡುತ್ತಾರೆ. ಆ ನಿಯಮದ ಸೀಟಿನಲ್ಲಿ 15 ತಿಂಗಳಾಗುವವರೆಗೆ ಮಗುವನ್ನು ಮುಮ್ಮುಖ ಕೂರಿಸುವ ಹಾಗೇ ಇಲ್ಲ. ನಮ್ಮ ದೇಶದ್ದೇ ಎಐಎಸ್ 072 ಅನ್ನುವ ಮಾನದಂಡವೂ ಇದೆ. ಅಂಗಡಿಯಲ್ಲಿದ್ದ ಎರಡು ಅಗ್ಗದ ಸೀಟುಗಳಿಗೆ ಯಾವ ಚೀಟಿಯೂ ಇರಲಿಲ್ಲ. ಡಬ್ಬದ ಮೇಲೆ ಮಾತ್ರ ದಪ್ಪಕ್ಷರದಲ್ಲಿ ಸೇಫ್ಟಿ ಅಂತ ಇತ್ತು. ಹುಟ್ಟಿದಾಗಿನಿಂದ 12 ವರ್ಷದವರೆಗೆ ಒಂದೇ ಸೀಟು ಅನ್ನುವುದೊಂದಿತ್ತು, ಅದರ ಬಗ್ಗೆ ಅತ್ತೆ ಹೇಳಿದ್ದೇ ಸರಿ: "ಫ್ರೀ ಸೈಜ್ ಬ್ಲೌಸು ಯಾರಿಗೂ ಕೂರಲ್ಲ." ಮೊದಲ ಸಲ ಅತ್ತೆ ನನ್ನ ಪಾರ್ಟಿಗೆ ಬಂದದ್ದು ಅಲ್ಲಿ.

ಹಿಮ್ಮುಖ ಯಾಕೆ ಅಂತ ಹುಡುಗ ಕೇಳಿದ. ಪುಟ್ಟಿಯನ್ನೇ ತೋರಿಸಿದೆ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ. ಕತ್ತಿನ ಮೂಳೆ ಇನ್ನೂ ಎಳಸು. ಮುಂದಕ್ಕೆ ಮುಖ ಮಾಡಿ ಕೂತಿದ್ದಾಗ ಕಾರು ಗುದ್ದಿದರೆ ಪಟ್ಟಿ ಮೈಯನ್ನು ಹಿಡಿಯುತ್ತದೆ, ತಲೆ ಮುಂದಕ್ಕೆ ಎಗರುತ್ತದೆ. ಕತ್ತಿನ ಮೇಲೇ ಎಲ್ಲ ಬೀಳುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಚಿಪ್ಪು ಒಟ್ಟಿಗೆ ಹಿಡಿದುಕೊಳ್ಳುತ್ತದೆ.

ಮೊದಲು ಬುಟ್ಟಿಯ ಥರದ್ದನ್ನು ಹಾಕಿ ನೋಡಿದೆವು. ಹಿಡಿ ಇರುತ್ತದಲ್ಲ, ಮಗು ಮಲಗಿದ್ದಾಗಲೇ ಎತ್ತಿಕೊಂಡು ಹೋಗುವಂಥದ್ದು. ನನಗೆ ಅದರ ಮೇಲೆ ಆಸೆಯಿತ್ತು. ಅದಕ್ಕೆ ಸೊಂಟದ ಬೆಲ್ಟು ಬುಟ್ಟಿಯ ಎರಡೂ ಬದಿಯ ಕೊಕ್ಕೆಗಳ ಮೂಲಕ ಹಾದುಹೋಗಬೇಕು, ಭುಜದ ಬೆಲ್ಟು ಬುಟ್ಟಿಯ ಬೆನ್ನನ್ನು ಸುತ್ತಿಕೊಂಡು ಬರಬೇಕು. ಅಂದರೆ ಬೆಲ್ಟು ಬಹಳ ಉದ್ದ ಬೇಕು. ಹುಡುಗ ಎಳೆದ. ಇವರು ಎಳೆದರು. ಬೆಲ್ಟಿನ ಸುರುಳಿ ಖಾಲಿಯಾಗಿ ಗಟ್ಟಿಯಾಗಿ ನಿಂತಿತು. ಬೆಲ್ಟಿನ ಲೋಹದ ನಾಲಿಗೆಗೂ ಬಕಲ್ಲಿಗೂ ನಡುವೆ ಇನ್ನೂ ಒಂದು ಗೇಣು. ಅತ್ತೆ ಟೇಪು ಹಿಡಿದೇ ಹೇಳಿದರು, ಎಂಟೂವರೆ ಇಂಚು. ಬಲಗಡೆ ಹಾಕಿದರೂ ಅಷ್ಟೇ. ಬೆಲ್ಟನ್ನು ಉದ್ದ ಮಾಡುವ ತುಂಡು ಸಿಗುತ್ತದೆ, ಹಾಕಿಕೊಂಡರಾಯಿತು ಅಂದರು ಪಕ್ಕದ ಗಿರಾಕಿಯೊಬ್ಬರು. ಆ ಸೀಟಿನ ಪುಸ್ತಕದಲ್ಲೇ ಅದು ಕೂಡದು ಅಂತ ಬರೆದಿತ್ತು. ಬುಟ್ಟಿ ವಾಪಸ್ ಅಂಗಡಿಯೊಳಗೆ ಹೋಯಿತು.

ಎರಡನೆಯದು ದೊಡ್ಡದು. ಮೊದಲು ಹಿಮ್ಮುಖ, ದೊಡ್ಡವಳಾದ ಮೇಲೆ ಅದನ್ನೇ ಮುಮ್ಮುಖ ತಿರುಗಿಸಬಹುದು. ಬೆಲ್ಟ್ ಎಲ್ಲಿ ಹಾಯಬೇಕು ಅನ್ನುವುದಕ್ಕೆ ಬಣ್ಣದ ಗುರುತು: ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಮೊದಲು ಡ್ರೈವರ್ ಹಿಂದೆ ಹಾಕಿದೆವು. ಬೆಲ್ಟು ಸಾಕಾಯಿತು, ಟಕ್ ಅಂದಿತು, ಎಲ್ಲರೂ ಹಿಗ್ಗಿದೆವು. ಆಮೇಲೆ ಅಲ್ಲಾಡಿಸಿ ನೋಡಿದರೆ ಸೀಟು ಉಯ್ಯಾಲೆ. ಬೆಲ್ಟ್ ಹಾಯುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಹೆಚ್ಚು ಕದಲಬಾರದು. ನಮ್ಮದು ಮೂರು ಇಂಚು ಕದಲುತ್ತಿತ್ತು. ಬಗ್ಗಿ ನೋಡಿದಾಗ ಕಾರಣ ಗೊತ್ತಾಯಿತು. ಆ ಕಡೆಯ ಬಕಲ್ಲು ಉದ್ದನೆಯ ಪಟ್ಟಿಯ ತುದಿಯಲ್ಲಿದೆ. ಅದು ಮೇಲೆ ಬಂದು ಮಕ್ಕಳ ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಸೊಟ್ಟಗೆ ಕೂತಿತ್ತು. ಎಷ್ಟು ಎಳೆದರೂ ಬಕಲ್ಲೇ ಅಡ್ಡ. ಹಾಗೆ ಅಂಚಿಗೆ ಒತ್ತಿ ಕೂತ ಬಕಲ್ಲು ಗುದ್ದಿದಾಗ ಮುರಿದುಹೋಗಬಹುದು.

ಎಡಗಡೆಯ ಬಕಲ್ಲು ಬೇರೆ ಥರ, ಗಿಡ್ಡ, ಗಟ್ಟಿ. ಸೀಟಿನ ಒಳಕ್ಕೇ ಕೂತಿದೆ. ಅಲ್ಲಿ ಹಾಕಿ, ಇವರು ಸೀಟಿನೊಳಗೆ ಮಂಡಿಯೂರಿ ಮೈಭಾರ ಬಿಟ್ಟರು. ಹುಡುಗ ಬೆಲ್ಟಿನ ಸಡಿಲು ಎಳೆದ, ನಾನು ಸೀಟಿನ ಲಾಕಿನಲ್ಲಿ ಬೆಲ್ಟನ್ನು ಕಚ್ಚಿಸಿದೆ. ಈ ಲಾಕು ಮುಖ್ಯ. ಅಮೆರಿಕದ ವಿಡಿಯೋಗಳಲ್ಲಿ ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಕಟಕಟ ಅಂತ ತಾನೇ ಲಾಕ್ ಆಗುವುದನ್ನು ತೋರಿಸುತ್ತಾರೆ. ನಮ್ಮ ಕಾರಿನ ಬೆಲ್ಟು ಜರ್ಕ್ ಬಿದ್ದಾಗ ಮಾತ್ರ ಹಿಡಿಯುತ್ತದೆ, ಉಳಿದ ಹೊತ್ತು ಸಡಿಲ. ಅದನ್ನು ಬಿಗಿಯಾಗಿಯೇ ಹಿಡಿದಿಡಲು ಮಕ್ಕಳ ಸೀಟಿನಲ್ಲೇ ಕ್ಲಿಪ್ ಬೇಕು. ಈಗ ಅಲ್ಲಾಡಿಸಿದರೆ ಸೀಟಿನ ಜೊತೆ ಇಡೀ ಕಾರು ಅಲ್ಲಾಡಿತು. ಹುಡುಗ ಚಪ್ಪಾಳೆ ತಟ್ಟಿದ.

ಎಡಗಡೆಯಿಂದ ಇನ್ನೊಂದು ಅನುಕೂಲ. ನಾವು ರಸ್ತೆಯ ಎಡಕ್ಕೆ ನಿಲ್ಲಿಸುವವರು, ಆ ಬಾಗಿಲು ಫುಟ್‌ಪಾತಿನ ಕಡೆ ತೆರೆಯುತ್ತದೆ. ಮಗುವನ್ನು ಕೂರಿಸಲು ಎರಡು ಮೂರು ನಿಮಿಷ ಬಗ್ಗಿ ನಿಲ್ಲಬೇಕು. ಬೆನ್ನ ಹಿಂದೆ ಬಸ್ಸು ಹೋಗುವುದು ಯಾರಿಗೆ ಬೇಕು?

ಆದರೆ ಸೀಟು ಹಿಂದಕ್ಕೆ ಒರಗಿ ನಿಲ್ಲಬೇಕಲ್ಲ, ಮಗುವಿನ ತಲೆ ಎದೆಗೆ ಬಾಗಿದರೆ ಉಸಿರು ಕಟ್ಟಬಹುದು. ಎಳೆ ಮಗುವಿಗೆ ಹೆಚ್ಚುಕಮ್ಮಿ 45 ಡಿಗ್ರಿ. ಸೀಟಿನ ಪಕ್ಕದಲ್ಲಿ ಒಂದು ಗೀಟು ಇದೆ, ಅದು ನೆಲಕ್ಕೆ ಸಮವಾಗಿರಬೇಕು. ಅಷ್ಟು ಒರಗಿಸಿದರೆ ಮುಂದಿನ ಸೀಟನ್ನು ಬಹಳ ಮುಂದಕ್ಕೆ ಸರಿಸಬೇಕು. ಮಾವ ಆರಡಿ. ಕೂತು ನೋಡಿದರು, ಮಂಡಿ ಡ್ಯಾಶ್‌ಬೋರ್ಡಿಗೆ ತಾಗಿತು. "ನಾನೇನು ಚಕ್ಕಳಮಕ್ಕಳ ಹಾಕ್ಕೊಂಡು ಕೂರ್ಲಾ?" ಅಂದರು. ಅಲ್ಲೇ ಪಾರ್ಕಿಂಗಿನಲ್ಲಿ ಇಡೀ ಮನೆಯ ಜಾಗ ಬದಲಾಯಿತು. ಮುಂದೆ ನಾನು, ಐದಡಿ ಒಂದಿಂಚು, ನನಗೆ ಸಾಕು. ಪುಟ್ಟಿ ಎಡಕ್ಕೆ, ಪಕ್ಕದಲ್ಲಿ ಅತ್ತೆ. ಮಾವ ದೂರದ ಊರಿಗೆ ಕೆಎಸ್‌ಆರ್‌ಟಿಸಿ. ಅದಕ್ಕೆ ಅವರು ಖುಷಿಯಿಂದಲೇ ಒಪ್ಪಿದರು, ಬಸ್ಸಿನಲ್ಲಿ ಕಿಟಕಿ ಸೀಟು, ಯಾರ ಕಾಟವೂ ಇಲ್ಲ. ಅತ್ತೆಗಂತೂ ಮೊಮ್ಮಗಳ ಪಕ್ಕದ ಜಾಗ ಖಾಯಂ ಆಯಿತು. ಸೀಟಿನ ವಿರುದ್ಧದ ಮಾತು ಆ ದಿನಕ್ಕೆ ನಿಂತಿತು.

ಹತ್ತು ಸಾವಿರದ ಮೇಲೆ ಸ್ವಲ್ಪ ಆಯಿತು. ಬಣ್ಣ ಬೂದಿ, ನನಗೆ ಇಷ್ಟವಿಲ್ಲ. ಇಷ್ಟವಾದ ನೀಲಿಯದ್ದು ವಾಪಸ್ ಹೋಗಿತ್ತಲ್ಲ.

ಪುಟ್ಟಿಯನ್ನು ಕೂರಿಸುವುದನ್ನು ಮನೆಯಲ್ಲೇ ನಾಲ್ಕು ದಿನ ಅಭ್ಯಾಸ ಮಾಡಿದೆವು, ಹಾಲ್‌ನಲ್ಲಿ ಟಿವಿ ಮುಂದೆ ಸೀಟಿಟ್ಟುಕೊಂಡು. ಹಿಮ್ಮುಖದಲ್ಲಿ ಭುಜದ ಪಟ್ಟಿ ಭುಜದ ಮಟ್ಟದಿಂದಲೋ ಸ್ವಲ್ಪ ಕೆಳಗಿನಿಂದಲೋ ಬರಬೇಕು. ಬಿಗಿ ಎಷ್ಟು ಅಂದರೆ, ಹೆಗಲ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ಹೋದರೆ ಮಡಿಕೆ ಸಿಗಬಾರದು. ಮೊದಲ ದಿನ ನಾನು ಮರುಕಪಟ್ಟು ಸಡಿಲ ಬಿಟ್ಟಿದ್ದೆ. ಪುಟ್ಟಿ ಒಂದು ಕೈ ಹೊರಗೆಳೆದು ಪಟ್ಟಿಯನ್ನೇ ಚೀಪುತ್ತಿದ್ದಳು. ಅತ್ತೆ ಹೆಣೆದ ದಪ್ಪ ಉಲ್ಲನ್ ಸ್ವೆಟರ್ ಹಾಕಿ ಕೂರಿಸಿದಾಗ ಪಟ್ಟಿ ಬಿಗಿಯಾಗೇ ಇತ್ತು. ಸ್ವೆಟರ್ ಬಿಚ್ಚಿ ಅದೇ ಅಳತೆಗೆ ಹಾಕಿದರೆ ಒಂದು ಮುಷ್ಟಿ ಸಡಿಲ. ಮಡಿಕೇರಿ ಚಳಿಗೆ ಏನು ಮಾಡೋದು ಅಂತ ಅತ್ತೆ ಕೇಳಿದರು. ತೆಳು ಬಟ್ಟೆ ಹಾಕಿ, ಪಟ್ಟಿ ಕಟ್ಟಿ, ಅದರ ಮೇಲಿಂದ ಶಾಲು ಹೊದಿಸುವುದು. ತಲೆಗೆ ಕುಲಾವಿ ಇದ್ದೇ ಇದೆ.

ಬಿಸಿಲಿನದ್ದು ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ. ಏಪ್ರಿಲಿನಲ್ಲಿ ಒಂದು ಗಂಟೆ ಹೊರಗೆ ನಿಲ್ಲಿಸಿ ಬಂದರೆ ಆ ಬಕಲ್ಲಿನ ಲೋಹ ದೋಸೆ ಕಾವಲಿ. ಮೊದಲು ನನ್ನ ಬೆರಳಿಗೆ ತಗುಲಿದ್ದು ಒಳ್ಳೇದಾಯಿತು. ಈಗ ಇಳಿಯುವಾಗ ಮಾವನ ಹಳೇ ಬಿಳಿ ಪಂಚೆಯನ್ನು ಸೀಟಿನ ಮೇಲೆ ಹೊದಿಸಿ ಹೋಗುತ್ತೇವೆ.

ಮೊದಲ ದೂರದ ಪ್ರಯಾಣ ಮತ್ತೆ ಸುಳ್ಯಕ್ಕೇ, ಸುಮಾರು 170 ಕಿಲೋಮೀಟರ್. ಪುಟ್ಟಿ ಇಲವಾಲ ದಾಟುವವರೆಗೆ ಸುಮ್ಮನಿದ್ದಳು. ಬಿಳಿಕೆರೆಯಿಂದ ಶುರುವಾದ ಅಳು ಹುಣಸೂರಿನವರೆಗೂ ನಿಲ್ಲಲಿಲ್ಲ. ನಾನು ಮುಂದೆ, ಅವಳ ಬೆನ್ನು ನನ್ನ ಕಡೆಗೆ. ಅಳು ಕೇಳುತ್ತದೆ, ಮುಖ ಕಾಣುವುದಿಲ್ಲ. "ಎತ್ಕೊಳ್ಲಾ?" ಅಂತ ಅತ್ತೆ ಕೇಳಿದ್ದು ಎಷ್ಟು ಸಲವೋ. ಮೂರನೇ ಸಲಕ್ಕೆ ನನ್ನ ಕಣ್ಣಲ್ಲೂ ನೀರು. ನಿಜ ಹೇಳುತ್ತೇನೆ, ಆ ಇಪ್ಪತ್ತು ಕಿಲೋಮೀಟರಿನಲ್ಲಿ ಸೀಟು, ಲೇಬಲ್ಲು, ನಾಲ್ಕು ಮೂಟೆ ಎಲ್ಲ ಮರೆತು ಮಡಿಲಿಗೆ ಎಳೆದುಕೊಳ್ಳುವ ಮನಸ್ಸಾಗಿತ್ತು. ಇವರು ಮಾತಾಡದೆ ಗಾಡಿ ಪಕ್ಕಕ್ಕೆ ಹಾಕಿದರು. ಇಳಿದು ಹಾಲು ಕುಡಿಸಿ, ತೇಗಿಸಿ, ಒಂದು ಸುತ್ತು ಮರದ ನೆರಳಲ್ಲಿ ತಿರುಗಾಡಿಸಿ ಮತ್ತೆ ಕೂರಿಸಿದೆ. ಅತ್ತೆ ಬಳೆ ಆಡಿಸುತ್ತಾ ಜೋಗುಳ ಶುರು ಮಾಡಿದರು. ಪಿರಿಯಾಪಟ್ಟಣಕ್ಕೆ ಮುಂಚೆಯೇ ನಿದ್ದೆ. ಆ ಬಣ್ಣವಿಲ್ಲದ ಹಂಪು ಬಂದಾಗ ಇವರು ಅರ್ಧ ಫರ್ಲಾಂಗು ಮೊದಲೇ ನಿಧಾನ ಮಾಡಿದರು. ಯಾರೂ ಏನೂ ಮಾತಾಡಲಿಲ್ಲ.

ಸಂಪಾಜೆ ಇಳಿಯುವಾಗ ತಿರುವಿನಲ್ಲಿ ಅತ್ತೆ ವಾಲಿ ಬಾಗಿಲಿಗೆ ಒತ್ತಿಕೊಳ್ಳುತ್ತಿದ್ದರು. ಪುಟ್ಟಿ ಇದ್ದಲ್ಲೇ ಇದ್ದಳು. ಎರಡು ತಿರುವು ನೋಡಿ ಅತ್ತೆ ತಾವೇ ಕೈ ಹಿಂದೆ ಹಾಕಿ ಬೆಲ್ಟ್ ಎಳೆದುಕೊಂಡರು. ಆ ಬಕಲ್ಲು ಎಲ್ಲಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಕತ್ತರಿಸಿ ತೆಗೆದವರೇ ಅವರು.

ಪುಟ್ಟಿಗೆ ಈಗ ಒಂದು ವರ್ಷ ಎರಡು ತಿಂಗಳು, ಒಂಬತ್ತೂವರೆ ಕೆಜಿ. ಒಂಬತ್ತು ದಾಟಿತಲ್ಲ, ಮುಂದಕ್ಕೆ ತಿರುಗಿಸಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಮ್ಮದು ಹಳೇ ನಿಯಮದ, ತೂಕದ ಲೆಕ್ಕದ ಸೀಟು, ಅದರ ಚೀಟಿ ಪ್ರಕಾರ ಬಹುದು. ಆದರೆ ಹಿಮ್ಮುಖಕ್ಕೆ 13 ಕೆಜಿವರೆಗೂ ಅವಕಾಶವಿದೆ, ನಾನು ತಿರುಗಿಸುವುದಿಲ್ಲ. ಕಾಲು ಮಡಚಿ ಕೂರಬೇಕು ಪಾಪ ಅನ್ನುತ್ತಾರೆ. ಅವಳಿಗೆ ಅದೊಂದು ಆಟ, ಒರಗಿನ ಮೇಲೆ ಎರಡೂ ಕಾಲು ಇಟ್ಟುಕೊಂಡು ಬೆರಳು ಎಣಿಸುತ್ತಾಳೆ.

ಹೋದ ತಿಂಗಳು ನಾದಿನಿಯವರು ಹೊಸ ಕಾರು ಕೊಳ್ಳಲು ನಮ್ಮನ್ನೂ ಶೋರೂಮಿಗೆ ಕರೆದುಕೊಂಡು ಹೋಗಿದ್ದರು. ಅವಳೀಗ ಆರು ತಿಂಗಳ ಬಸುರಿ. ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರು ಕೊಡುವ ನಮ್ಮ ದೇಶದ ಪರೀಕ್ಷೆ ಭಾರತ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ಸ್ಟಾರು ಬೇರೆ, ಮಕ್ಕಳ ಸ್ಟಾರು ಬೇರೆ. ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಅಳತೆಯ ಬೊಂಬೆ ಕೂರಿಸಿ ಗುದ್ದಿಸಿ 49 ಅಂಕಕ್ಕೆ ಲೆಕ್ಕ ಹಾಕುತ್ತಾರೆ, ಎರಡೂ ಸ್ಟಾರು ಎಷ್ಟೆಷ್ಟು ಅಂತ ಕೇಳು ಅಂತ ನಾನು ಅವಳ ಕಿವಿಯಲ್ಲಿ ಹೇಳುತ್ತಿದ್ದೆ. ಸೇಲ್ಸ್ ಹುಡುಗ ಸನ್‌ರೂಫ್ ತೆರೆದು ಮುಚ್ಚಿ ತೋರಿಸುತ್ತಿದ್ದ. ಎಲ್ಲರೂ ಮೇಲೆ ನೋಡುತ್ತಿದ್ದೆವು. ಅತ್ತೆ ಕಾಣಲಿಲ್ಲ. ಎಲ್ಲಿ ಅಂತ ತಿರುಗಿದರೆ, ಹಿಂದಿನ ಬಾಗಿಲು ತೆಗೆದು, ಸೆರಗು ಸಿಕ್ಕಿಸಿ, ಸೀಟಿನ ಸಂದಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ತಡಕಾಡುತ್ತಿದ್ದರು.

"ಇದೆ ಕಣಮ್ಮ" ಅಂದರು, "ಎರಡೂ ಕಡೆ ಇದೆ."